95 ಸಾವಿರ ಸಂಬಳದಲ್ಲಿ 22 ಲಕ್ಷದ ಹಳೇ ಆಡಿ ಟಿಟಿ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ ಮೊದಲು ಹೇಳಿಬಿಡುತ್ತೇನೆ. ವಯಸ್ಸು 26. ಮಂಗಳೂರಿನಲ್ಲಿ ಐಟಿ ಕೆಲಸ, ಕೈಗೆ ಬರುವುದು ತಿಂಗಳಿಗೆ 95 ಸಾವಿರ. ಸುರತ್ಕಲ್‌ನಲ್ಲಿ ಅಪ್ಪ ಅಮ್ಮನ ಜೊತೆ ಸ್ವಂತ ಮನೆ, ಬಾಡಿಗೆ ಇಲ್ಲ. ಉಳಿತಾಯ 9 ಲಕ್ಷ. ಬೆಂಗಳೂರಿನಲ್ಲಿ 2015ರ ಆಡಿ ಟಿಟಿ ಒಂದು, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, ಕಣ್ಣಿಗೆ ಬಿದ್ದಿದೆ. 52 ಸಾವಿರ ಕಿ.ಮೀ. ಓಡಿದೆ, 22 ಲಕ್ಷ ಹೇಳುತ್ತಿದ್ದಾರೆ. ಇರುವ 9 ಲಕ್ಷ ಹಾಕಿ, ಉಳಿದ 13 ಲಕ್ಷಕ್ಕೆ ಸಾಲ ಮಾಡುವ ಯೋಚನೆ. "ಐದು ವರ್ಷಕ್ಕೆ ಹಾಕಿದರೆ ಇಎಂಐ 30 ಸಾವಿರದ ಒಳಗೆ ಬರುತ್ತದೆ" ಅಂತ ಏಜೆಂಟ್ ಹೇಳಿದ್ದಾನೆ.

ಈ ಲೆಕ್ಕದಲ್ಲಾದರೆ ಬೇಡ ಅಂತಲೇ ಹೇಳುತ್ತೇನೆ. ಆದರೆ "ಈ ವಯಸ್ಸಲ್ಲಿ ಅದೆಲ್ಲ ಯಾಕೆ, ಒಂದು ಸೈಟ್ ತಗೊಳ್ಳಿ" ಅಂತ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನಾನು 29ನೇ ವಯಸ್ಸಿನಲ್ಲಿ ಇದೇ ಕೆಲಸ ಮಾಡಿದವನು.

2017ರ ಫೆಬ್ರವರಿಯಲ್ಲಿ ನಾನು ತಂದದ್ದು ಎರಡೇ ಸೀಟಿನ, ಛಾವಣಿ ಮಡಚುವ ವಿದೇಶಿ ಕಾರು. ಯಾವ ಕಂಪನಿ ಅಂತ ಹೇಳುವುದಿಲ್ಲ, ಅದರ ಅಭಿಮಾನಿಗಳು ಇಲ್ಲಿ ತುಂಬಾ ಜನ ಇದ್ದಾರೆ. ಏಳು ವರ್ಷ ಹಳೆಯದು, ಕೊಟ್ಟದ್ದು 19 ಲಕ್ಷ. ತಂದ ಮೊದಲ ವಾರ ಬಿಜೈಯ ನಮ್ಮ ಓಣಿಯಲ್ಲಿ ನನಗೆ ಸಿಕ್ಕಿದ ಮರ್ಯಾದೆ ಆಮೇಲೆ ನನ್ನ ಮದುವೆಯಲ್ಲೂ ಸಿಗಲಿಲ್ಲ. ಅಮ್ಮನನ್ನು ಕಟೀಲಿಗೆ ಕರೆದುಕೊಂಡು ಹೋಗಿ ಪೂಜೆ ಮಾಡಿಸಿದೆ. ಹೋಗುವಾಗ ಹೇಗೋ ಕೂತರು. ಬರುವಾಗ ಮಂಡಿ ನೋವಿಗೆ ಆ ತಗ್ಗು ಸೀಟಿನಿಂದ ಏಳಲಾಗದೆ ನಾನೇ ಕೈ ಹಿಡಿದು ಎತ್ತಬೇಕಾಯಿತು. ಮತ್ತೆ ಅವರು ಅದರಲ್ಲಿ ಕೂರಲೇ ಇಲ್ಲ. "ನನಗೆ ಬಸ್ಸೇ ಸಾಕು ಮಾರಾಯ" ಅಂದರು.

ಮನೆಯ ಪಕ್ಕ ಒಂದು ಹಲಸಿನ ಮರ. ಮಧ್ಯಾಹ್ನದ ಬಿಸಿಲು ತಾಗದಿರಲಿ ಅಂತ ಕಾರು ಅದರ ಕೆಳಗೇ ನಿಲ್ಲಿಸುತ್ತಿದ್ದೆ. ಛಾವಣಿ ಮಡಚುವ ಕಾರುಗಳಲ್ಲಿ ಮಳೆನೀರು ಇಳಿದು ಹೋಗಲು ಸಣ್ಣ ಸಣ್ಣ ತೂತು, ಪೈಪು ಇರುತ್ತವೆ. ಅವುಗಳಿಗೆ ಒಣ ಎಲೆಯ ಪುಡಿ ಹೋಗಿ ಕೂರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. 2018ರ ಆಗಸ್ಟ್‌ನ ಒಂದು ಬೆಳಿಗ್ಗೆ ಡಿಕ್ಕಿ ತೆಗೆದರೆ ಒಳಗೆ ನಾಲ್ಕು ಬೆರಳು ನೀರು. ಛಾವಣಿಯ ಮೋಟರ್ ಸತ್ತಿತ್ತು. ಅಲ್ಲಿದ್ದ ಕಂಟ್ರೋಲ್ ಬಾಕ್ಸ್ ಕೂಡ ಹೋಗಿತ್ತು. ಆ ಭಾಗ ಮಂಗಳೂರಿನಲ್ಲಿ ಸಿಗಲಿಲ್ಲ. ಬೆಂಗಳೂರಿಗೆ ಕಾರು ಕಳಿಸೋಣ ಅಂದರೆ ಶಿರಾಡಿ ಘಾಟಿ ಗುಡ್ಡ ಕುಸಿದು ಬಂದ್. ಟಾರ್ಪಾಲು ಹೊದ್ದುಕೊಂಡು ಕಾರು ತಿಂಗಳುಗಟ್ಟಲೆ ಇಲ್ಲೇ ಬಿದ್ದಿತ್ತು. ಇಎಂಐ ಮಾತ್ರ 5ನೇ ತಾರೀಕಿಗೆ ಸರಿಯಾಗಿ ಹೋಗುತ್ತಿತ್ತು. ಕೊನೆಗೆ ಬಿಲ್ ಬಂದದ್ದು 2 ಲಕ್ಷ 40 ಸಾವಿರ. ಆಗ ನನ್ನ ಸಂಬಳ 70 ಸಾವಿರ.

2019ರ ಜನವರಿಯಲ್ಲಿ 12.5 ಲಕ್ಷಕ್ಕೆ ಮಾರಿದೆ. ಬೆಲೆಯಲ್ಲಿ ಹೋದದ್ದು 6.5 ಲಕ್ಷ. ರಿಪೇರಿ, ಸರ್ವಿಸ್, ಟೈರ್ ಸೇರಿ 3.8 ಲಕ್ಷ. ಇನ್ಶೂರೆನ್ಸ್ ಮತ್ತು ಬಡ್ಡಿ 2.7 ಲಕ್ಷ. ಒಟ್ಟು 13 ಲಕ್ಷ, ಪೆಟ್ರೋಲ್ ಬಿಟ್ಟು. ನಿಜವಾಗಿ ಖುಷಿಯಿಂದ ಓಡಿಸಿದ ಭಾನುವಾರದ ಬೆಳಗುಗಳು ಎಣಿಸಿದರೆ ಮೂವತ್ತು ಇರಬಹುದು. ಒಂದು ಬೆಳಗಿಗೆ 43 ಸಾವಿರ ಬಿತ್ತು. ಒಮ್ಮೆ ಆರು ಗಂಟೆಗೆ ಮುಂಚೆ ಮರವಂತೆಗೆ ಹೋಗಿದ್ದೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ಛಾವಣಿ ತೆರೆದಿತ್ತು, ರಸ್ತೆಯಲ್ಲಿ ಮೀನಿನ ಲಾರಿ ಒಂದು ಬಿಟ್ಟರೆ ಯಾರೂ ಇಲ್ಲ. ಅಂಥ ನಾಲ್ಕೈದು ಬೆಳಗುಗಳಿಗೆ ಈಗಲೂ 43 ಸಾವಿರ ಕೊಡಬಹುದು. ಉಳಿದ ಇಪ್ಪತ್ತೈದಕ್ಕೆ ಕೊಡಲಾರೆ.

ಈಗ ನಿಮ್ಮ ಕಾರಿಗೆ ಬರೋಣ. ನಾನು ಮಾಡಿದ ತಪ್ಪನ್ನೇ ನೀವೂ ಮಾಡುತ್ತಿದ್ದೀರಿ. 22 ಲಕ್ಷದ ಕಾರು ಅಂತ ಲೆಕ್ಕ ಹಾಕುತ್ತಿದ್ದೀರಿ. ಅದು 22 ಲಕ್ಷದ ಕಾರಲ್ಲ. 2015ರಲ್ಲಿ ಶೋರೂಮ್ ಬೆಲೆಯೇ 60 ಲಕ್ಷದ ಹತ್ತಿರ ಇತ್ತು. ಕಾರಿನ ಬೆಲೆ ಇಳಿದಿದೆ, ಅದರ ಹೆಡ್‌ಲೈಟಿನ ಬೆಲೆ ಇಳಿದಿಲ್ಲ. ನೀವು ಕೊಳ್ಳುವುದು 22 ಲಕ್ಷಕ್ಕೆ, ಸಾಕುವುದು 60 ಲಕ್ಷದ ಕಾರನ್ನು.

ಮೊದಲು ಸಾಲ. 13 ಲಕ್ಷಕ್ಕೆ ಶೇ 13ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಇಎಂಐ ಸುಮಾರು 29,600. ಏಜೆಂಟ್ ಹೇಳಿದ್ದು ಸುಳ್ಳಲ್ಲ. ಆದರೆ ಹತ್ತು ವರ್ಷ ದಾಟಿದ ಕಾರಿಗೆ ಐದು ವರ್ಷದ ಸಾಲ ಕೊಡುವವರು ಕಮ್ಮಿ. ಸಾಲ ಮುಗಿಯುವ ಹೊತ್ತಿಗೆ ಕಾರಿಗೆ ಎಷ್ಟು ವಯಸ್ಸು ಅಂತ ನೋಡುತ್ತಾರೆ. ಮೂರು ವರ್ಷಕ್ಕೆ ಶೇ 14ರಲ್ಲಿ ಕೊಟ್ಟರು ಅಂತ ಇಟ್ಟುಕೊಳ್ಳಿ, ಇಎಂಐ 44,400. ಆಗ "ಪರ್ಸನಲ್ ಲೋನ್ ಮಾಡಿಸೋಣ ಸಾರ್" ಎಂಬ ಮಾತು ಬರುತ್ತದೆ. ಅಲ್ಲಿಗೆ ಫೋನ್ ಇಟ್ಟುಬಿಡಿ.

ಇನ್ನು ಸಾಕುವ ಖರ್ಚು. ತಿಂಗಳಿಗೆ 800 ಕಿ.ಮೀ. ಓಡಿಸುತ್ತೀರಿ ಅಂದುಕೊಳ್ಳೋಣ. ಊರೊಳಗೆ ಲೀಟರಿಗೆ 8 ಸಿಕ್ಕಿದರೆ ಪುಣ್ಯ, ಅಂದರೆ ಪೆಟ್ರೋಲಿಗೇ 10 ಸಾವಿರ. ಇನ್ಶೂರೆನ್ಸ್ ತಿಂಗಳ ಲೆಕ್ಕದಲ್ಲಿ 5,500. ಸರ್ವಿಸ್ 4 ಸಾವಿರ. ಟೈರ್ 18 ಇಂಚಿನದು, ನಾಲ್ಕಕ್ಕೆ 60 ಸಾವಿರದ ಮೇಲೆ, ಮೂರು ವರ್ಷಕ್ಕೆ ಹಂಚಿದರೆ 1,800. ಇದೆಲ್ಲದರ ಮೇಲೆ ರಿಪೇರಿಗೆ ಅಂತ ತಿಂಗಳಿಗೆ 10 ಸಾವಿರ ಬೇರೆಯೇ ಎತ್ತಿಡಬೇಕು. ಏನೂ ಹಾಳಾಗದ ತಿಂಗಳಲ್ಲೂ ಎತ್ತಿಡಬೇಕು. ಒಟ್ಟು 31 ಸಾವಿರ. ನನ್ನ ಅಂದಾಜು ಎರಡು ಮೂರು ಸಾವಿರ ಆಚೀಚೆ ಆಗಬಹುದು, ಅರ್ಧಕ್ಕೆ ಇಳಿಯುವುದಿಲ್ಲ. ಮೂರು ವರ್ಷದ ಇಎಂಐ ಜೊತೆ ಕೂಡಿಸಿದರೆ 75 ಸಾವಿರ. 95ರಲ್ಲಿ ಉಳಿಯುವುದು 20 ಸಾವಿರ. ಅದರಲ್ಲಿ ಮನೆಗೆ ಕೊಡಬೇಕು, ಫೋನ್ ಬಿಲ್ ಕಟ್ಟಬೇಕು, ಯಾರದ್ದಾದರೂ ಮದುವೆಗೆ ಹೋಗಬೇಕು. ಕೈಯಲ್ಲಿದ್ದ 9 ಲಕ್ಷವಂತೂ ಮೊದಲ ದಿನವೇ ಖಾಲಿ. ಹೀಗೆ ಮಾಡಿದರೆ ಸುಮ್ನೆ ಮಂಡೆಬಿಸಿ.

ಇನ್ಶೂರೆನ್ಸ್ ಬಗ್ಗೆ ಇನ್ನೊಂದು ಮಾತು. ಇಷ್ಟು ಹಳೇ ಕಾರಿಗೆ ಜೀರೋ ಡೆಪ್, ಅಂದರೆ ಭಾಗಗಳ ಸವಕಳಿ ಕಳೆಯದೆ ಪೂರ್ತಿ ದುಡ್ಡು ಕೊಡುವ ವಿಮೆ, ಸಿಗುವುದು ಕಷ್ಟ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ದುಡ್ಡು ನಿಮ್ಮ ಕೈಯಿಂದ. ಹತ್ತು ವರ್ಷ ದಾಟಿದರೆ ಲೋಹದ ಭಾಗಗಳಿಗೂ ಅರ್ಧ. ಬಂಪರ್ ಪ್ಲಾಸ್ಟಿಕ್ಕೇ ಅಲ್ವಾ? ಮತ್ತೆ, ಮಾರುವವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ವಿಮೆ ಸಿಕ್ಕಿದರೆ ಕಣ್ಣು ಮುಚ್ಚಿ ಹಾಕಿಸಿ. ಸುರತ್ಕಲ್‌ನಿಂದ ಊರಿಗೆ ಬರುವವರಿಗೆ ಕೊಟ್ಟಾರ ಚೌಕಿಯ ಕೃತಕ ನೆರೆ ಏನು ಅಂತ ಹೇಳಿಕೊಡಬೇಕಿಲ್ಲ. ನೀರಲ್ಲಿ ಆಫ್ ಆದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಎಂಜಿನ್ನೇ ಹೋಗಬಹುದು. ಮಾಮೂಲಿ ಪಾಲಿಸಿ ಅದಕ್ಕೆ ದುಡ್ಡು ಕೊಡುವುದಿಲ್ಲ.

ನಿಮ್ಮ ಮನೆಯ ದಾರಿ ಹೇಗಿದೆ ಅಂತ ನೀವು ಬರೆದಿಲ್ಲ. ನಮ್ಮ ಕಡೆ ಮನೆಗಳು ಒಂದೋ ಪದವಿನ (ಗುಡ್ಡದ ಮೇಲಿನ ಬಯಲಿನ) ಮೇಲೆ, ಇಲ್ಲವೇ ಇಳಿಜಾರಿನ ಕೆಳಗೆ. ಗೇಟಿನ ಹತ್ತಿರ ಕಾಂಕ್ರೀಟ್ ಇಳಿಜಾರು ರಸ್ತೆಗೆ ಸೇರುವಲ್ಲಿ ಒಂದು ಮಡಿಕೆ ಇರುತ್ತದೆ. ಟಿಟಿಯ ಅಡಿಗೆ ಅರ್ಧ ಅಡಿ ಜಾಗವೂ ಇಲ್ಲ, ಮೂತಿ ಬೇರೆ ಉದ್ದ. ಈಗಿರುವ ಬೈಕಿಗೆ ಅದು ಗೊತ್ತೇ ಆಗುವುದಿಲ್ಲ, ಈ ಕಾರಿಗೆ ದಿನಾ ಎರಡು ಸಲ ಗೊತ್ತಾಗುತ್ತದೆ. ಆ "ಕರ್" ಎನ್ನುವ ಸದ್ದು ಕೇಳಿ ಕೇಳಿ ನಾನು ಕೊನೆಗೆ ಎರಡು ಹಲಗೆ ಮಾಡಿಸಿ ಗೇಟಿನ ಪಕ್ಕ ಇಟ್ಟಿದ್ದೆ. ಮಳೆಯಲ್ಲಿ ಇಳಿದು, ಹಲಗೆ ಇಟ್ಟು, ಕಾರು ಹತ್ತಿಸಿ, ಮತ್ತೆ ಇಳಿದು ಹಲಗೆ ತೆಗೆಯುವ ಆ ವೈಭವವನ್ನು ಪಕ್ಕದ ಮನೆಯವರು ಚಹಾ ಕುಡಿಯುತ್ತಾ ನೋಡುತ್ತಿದ್ದರು.

ಕಾರಿನ ಬಗ್ಗೆಯೂ ಸ್ವಲ್ಪ ಹೇಳಬೇಕು, ಯಾಕೆಂದರೆ ನಿಮ್ಮ ಆಯ್ಕೆ ಕೆಟ್ಟದ್ದಲ್ಲ. ನನ್ನ ಕಾರಿಗಿಂತ ಎಷ್ಟೋ ವಾಸಿ. ಛಾವಣಿ ಗಟ್ಟಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಮಳೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ಎಂಜಿನ್ ಅದೇ ಗುಂಪಿನ ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳಲ್ಲೂ ಇರುವ ಕುಟುಂಬದ್ದು. ಹಾಗಾಗಿ ಎಂಜಿನ್ ಕೆಲಸ ಗೊತ್ತಿರುವ ಮೆಕ್ಯಾನಿಕ್ ಇಲ್ಲಿಯೇ ಸಿಗಬಹುದು. ಕಿಸೆಗೆ ಬೆಂಕಿ ಬೀಳುವುದು ಲೈಟು, ಬಾಗಿಲು, ಬಂಪರ್‌ನಂತಹ ಟಿಟಿಯದ್ದೇ ಆದ ಭಾಗಗಳಿಗೆ.

ಗೇರ್‌ಬಾಕ್ಸ್ ಆರು ಗೇರಿನ, ಕ್ಲಚ್ ಎಣ್ಣೆಯಲ್ಲಿ ಮುಳುಗಿರುವ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್. 60 ಸಾವಿರ ಕಿ.ಮೀ.ಗೆ ಅದರ ಆಯಿಲ್, ಫಿಲ್ಟರ್ ಬದಲಿಸಬೇಕು. ನಿಮ್ಮದು 52 ಸಾವಿರಕ್ಕೆ ಮಾರಾಟಕ್ಕೆ ಬಂದಿದೆ, ಆ ಖರ್ಚು ನಿಮ್ಮ ತಲೆಗೇ. ಅದೂ ಮೀಟರ್ ನಿಜವೇ ಆಗಿದ್ದರೆ. ಸರ್ವಿಸ್ ದಾಖಲೆ ಚಾಸಿ ನಂಬರಿನ ಮೇಲೆ ತೆಗೆಸಿ, ಯಾವ ತಾರೀಕಿಗೆ ಎಷ್ಟು ಕಿ.ಮೀ. ಅಂತ ಸಾಲಾಗಿ ನೋಡಿ. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಸೇರಿದ ಪ್ಲಾಸ್ಟಿಕ್ ಕವಚ ಸೋರುವುದು ಗೊತ್ತಿರುವ ಕಾಯಿಲೆ. ಬಾನೆಟ್ ತೆಗೆದು ಟಾರ್ಚ್ ಹಾಕಿ, ಸೋರಿದ ಕೂಲಂಟ್‌ನ ಗುಲಾಬಿ ಬಣ್ಣದ ಒಣಗಿದ ಕಲೆ ಇದೆಯಾ ನೋಡಿ.

ಬೆಂಗಳೂರು ಕಾರು ಆದ್ದರಿಂದ ಒಂದು ಲಾಭ ಉಂಟು. ಕರ್ನಾಟಕದ್ದೇ ನೋಂದಣಿ, ಆಜೀವ ತೆರಿಗೆ ಕಟ್ಟಿಯಾಗಿದೆ. ಫಾರ್ಮ್ 29, 30 ಹಾಕಿ ಹೆಸರು ಬದಲಿಸಿದರೆ ಆಯಿತು. ಇದೇ ಕಾರು ದೆಹಲಿಯಲ್ಲಿ 17 ಲಕ್ಷಕ್ಕೆ ಸಿಗುತ್ತದೆ ಅಂತ ಯಾರಾದರೂ ಆಸೆ ತೋರಿಸಿದರೆ ಬೀಳಬೇಡಿ. ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಹೊಸದರಲ್ಲಿ 20 ಲಕ್ಷ ದಾಟಿದ ಕಾರುಗಳಿಗೆ ನಮ್ಮಲ್ಲಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಹಳೇ ಕಾರು ಅಂತ ಕಡಿತ ಸಿಗುತ್ತದೆ, ಆದರೂ ಉಳಿಸಿದ್ದು ಅಲ್ಲಿಗೇ ಹೋಗುತ್ತದೆ. ಬೆಂಗಳೂರು ಕಾರಿಗೆ ಟ್ರಾಫಿಕ್ ದಂಡ ಎಷ್ಟು ಬಾಕಿ ಇದೆ ಅಂತಲೂ ನೋಡಿಕೊಳ್ಳಿ.

ಬೇರೆ ದಾರಿ ಕೇಳಿದ್ದೀರಿ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2017ರಲ್ಲಿ ಬಂದದ್ದು. 2 ಲೀಟರ್ ಟರ್ಬೊ, ಟಿಟಿಯಷ್ಟೇ 230 ಪಿಎಸ್ ಶಕ್ತಿ, ಅದೇ ಬಗೆಯ ಆರು ಗೇರಿನ ಡಿಎಸ್‌ಜಿ. ಮುಂದಿನ ಎರಡು ಚಕ್ರಕ್ಕಷ್ಟೇ ಶಕ್ತಿ. ಹೊಸದರಲ್ಲಿ ಶೋರೂಮ್ ಬೆಲೆ 25 ಲಕ್ಷದ ಒಳಗೇ ಇತ್ತು, ಹಾಗಾಗಿ ಭಾಗಗಳ ಬೆಲೆಯೂ ಆ ಮಟ್ಟದ್ದು. ನಾಲ್ಕು ಬಾಗಿಲು, ದೊಡ್ಡ ಡಿಕ್ಕಿ, ಅಮ್ಮ ಆರಾಮಾಗಿ ಕೂರಬಹುದು. ಸಿಗ್ನಲ್‌ನಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಅದೊಂದೇ ಕೊರತೆ. ನಿಮಗೆ ಬೇಕಾಗಿರುವುದು ಆಗುಂಬೆಯ 14 ತಿರುವುಗಳಾ, ಅಥವಾ ಆಫೀಸ್ ಪಾರ್ಕಿಂಗಾ? ನನಗೆ ಉತ್ತರ ಹೇಳಬೇಡಿ. ನನಗಂತೂ ಆಗ ಬೇಕಿದ್ದದ್ದು ಪಾರ್ಕಿಂಗೇ.

ಇಷ್ಟೆಲ್ಲ ಹೇಳಿದರೂ ಟಿಟಿಯೇ ಬೇಕು ಅನಿಸಿದರೆ ಹೀಗೆ ಮಾಡಿ. ಜೂನ್‌ನಿಂದ ದೀಪಾವಳಿ ತನಕ ಪ್ರತಿ ತಿಂಗಳು 60 ಸಾವಿರ ಬೇರೆ ಖಾತೆಗೆ ಹಾಕಿ. ಕಾರು ಬಂದಾಗಿದೆ ಅಂತಲೇ ತಿಳಿದುಕೊಂಡು ಹಾಕಿ, ನಡುವೆ ತೆಗೆಯಬೇಡಿ. ಎರಡನೇ ತಿಂಗಳಿಗೇ ಕೈ ಕಟ್ಟಿದರೆ ನಿಮ್ಮ ಪ್ರಶ್ನೆಗೆ ಆ ಖಾತೆಯೇ ಉತ್ತರ ಹೇಳುತ್ತದೆ. ದೀಪಾವಳಿ ತನಕ ನಿಭಾಯಿಸಿದರೆ ಆ 9 ಲಕ್ಷದ ಜೊತೆ ಇನ್ನೂ 3 ಲಕ್ಷದಷ್ಟು ಕೈಯಲ್ಲಿರುತ್ತದೆ. ಅಷ್ಟರಲ್ಲಿ ಇಂಥ ಕಾರಿನ ಬೆಲೆ ಇನ್ನಷ್ಟು ಇಳಿದಿರುತ್ತದೆ. ಆಗಲೂ ಮೂರು ಲಕ್ಷ ರಿಪೇರಿಗೆ ಅಂತ ಮುಟ್ಟದೆ ಇಟ್ಟು, ಸಾಲ 7–8 ಲಕ್ಷ ದಾಟದ ಹಾಗೆ ಕಾರು ಸಿಕ್ಕಿದರೆ ನಾನು ಬೇಡ ಅನ್ನುವುದಿಲ್ಲ.

ಹೋಗುವುದಾದರೆ ರಾತ್ರಿ ಬಸ್ಸಿಗೆ ಹೋಗಿ, ಬೆಳಿಗ್ಗೆ ಏಳಕ್ಕೆ ಮಾರುವವರ ಮನೆ ಮುಂದೆ ಇರಿ. ಕಾರು ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹಿಂದಿನ ದಿನವೇ ಹೇಳಿ, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವಾಗಲೇ ಅದರ ದೋಷ ಗೊತ್ತಾಗುವುದು. ತಲುಪಿದ ಕೂಡಲೇ ಮಾತಿಗೆ ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಕಾಫಿ ಕುಡಿದು ವಾಪಸ್ ಬನ್ನಿ.