ನಿಮ್ಮ ಭಾಷಣ ಏಳನೇ ಪುಟದಲ್ಲೇ ಮುಗಿದಿದೆ

ಮಾನ್ಯರೇ,

ವಯಸ್ಕರ ಸಾಕ್ಷರತೆಯ ಕುರಿತು ನೀವು ಕಳುಹಿಸಿದ ಒಂಬತ್ತು ಪುಟಗಳ ಭಾಷಣವನ್ನು ಎರಡು ಬಾರಿ ಓದಿದೆ. ಎರಡನೆಯ ಬಾರಿ ಗಟ್ಟಿಯಾಗಿ. ಈಗಿರುವಂತೆ ಪ್ರಕಟಿಸಲಾರೆ. ಅಡ್ಡಿಯಾಗಿರುವುದು ಕೊನೆಯ ಎರಡು ಪುಟ.

ಏಳನೇ ಪುಟದ ತುದಿಯಲ್ಲಿ, ಅರವತ್ತು ವರ್ಷ ಹೆಬ್ಬೆಟ್ಟು ಒತ್ತಿದ ನಿಮ್ಮ ಅಜ್ಜಿ ಶಾಯಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ತಮ್ಮ ಹೆಸರನ್ನು ತಾವೇ ಬರೆಯುತ್ತಾರೆ. ಅಲ್ಲಿ ನನ್ನ ಗಂಟಲು ಕಟ್ಟಿತು. ನೀವು ಮಾತ್ರ ನಿಲ್ಲಲಿಲ್ಲ. ಎಂಟನೇ ಪುಟ 'ಕೊನೆಯದಾಗಿ' ಎಂದು ಶುರುವಾಗುತ್ತದೆ, ನಡುವೆ 'ಒಟ್ಟಿನಲ್ಲಿ ಹೇಳುವುದಾದರೆ' ಬರುತ್ತದೆ, ಒಂಬತ್ತರಲ್ಲಿ 'ಇನ್ನೊಂದೇ ಮಾತು'. ಓದುಗ ಪುಟ ಹಾರಿಸಬಲ್ಲ, ಸಭಿಕನಿಗೆ ಆ ಅನುಕೂಲವಿಲ್ಲ. 'ಕೊನೆಯದಾಗಿ' ಎಂದರೆ ಅವನಿಗೆ ಕೊಟ್ಟ ಮಾತು. ಎರಡನೇ ಸಲ ಅದನ್ನು ಮುರಿದಾಗ ಅವನು ಗಡಿಯಾರ ನೋಡುತ್ತಾನೆ.

1964ರ ಏಪ್ರಿಲ್ 20ರಂದು ಪ್ರಿಟೋರಿಯಾದ ನ್ಯಾಯಾಲಯದಲ್ಲಿ ನೆಲ್ಸನ್ ಮಂಡೇಲಾ ಸುಮಾರು ಮೂರು ಗಂಟೆ ಮಾತನಾಡಿದರು. ತಮ್ಮ ಆದರ್ಶಕ್ಕಾಗಿ, ಅಗತ್ಯಬಿದ್ದರೆ, ಸಾಯಲೂ ಸಿದ್ಧ ಎಂಬಲ್ಲಿಗೆ ಮುಗಿಸಿದರು. ಆ 'ಅಗತ್ಯಬಿದ್ದರೆ' ವಕೀಲರ ಸಲಹೆಯಿಂದ ಸೇರಿದ್ದು. ಮರಣದಂಡನೆ ಎದುರಿಗಿದ್ದಾಗಲೂ ಕೊನೆಯ ವಾಕ್ಯದ ಒಂದು ಪದವನ್ನು ಕೂತು ತೂಗಿದ್ದರು! ಹಿಂದಿನ ಮೂರು ಗಂಟೆಗಳ ವಾದವೆಲ್ಲ ಆ ವಾಕ್ಯದ ಬೆನ್ನಿಗಿತ್ತು. ನಿಮ್ಮ 'ಅಕ್ಷರಕ್ರಾಂತಿಗೆ ಕೈಜೋಡಿಸೋಣ' ಎಂಬ ಕರೆಗೆ ಅಂಥ ಬೆಂಬಲವಿಲ್ಲ. ಕೇಳಿದವರು ನಾಳೆ ಬೆಳಿಗ್ಗೆ ಏನು ಮಾಡಬೇಕು? ಉತ್ತರ ನಿಮ್ಮ ನಾಲ್ಕನೇ ಪುಟದಲ್ಲಿದೆ: ವಾರಕ್ಕೆ ಎರಡು ಗಂಟೆ, ಒಬ್ಬರಿಗೆ ಓದು ಕಲಿಸುವುದು. ಅದನ್ನು ಅಜ್ಜಿಯ ಪ್ರಸಂಗಕ್ಕೆ ಸ್ವಲ್ಪ ಮೊದಲು ತನ್ನಿ.

ವಂದನೆಗಳನ್ನು ಆರಂಭದಲ್ಲೇ ಮುಗಿಸಿಬಿಡಿ. ಕೊನೆಯ ಪದ್ಯವನ್ನು ತೆಗೆಯಿರಿ. ಅಷ್ಟು ದೂರ ನಿಮ್ಮ ಮಾತಿನಲ್ಲೇ ಕರೆತಂದು ಬಾಗಿಲಲ್ಲಿ ಬೇರೆಯವರ ಕೈಗೆ ಒಪ್ಪಿಸಬೇಡಿ.

ಇನ್ನು ಆ ವಾಕ್ಯ. 'ತಮ್ಮ ಹೆಸರನ್ನು ತಾವೇ ಬರೆದರು ಎಂಬುದನ್ನು ಈ ಸಂದರ್ಭದಲ್ಲಿ ಸ್ಮರಿಸಬಯಸುತ್ತೇನೆ' ಎಂದಿದ್ದೀರಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಭಾಷಣಕಾರರಿಗೆ ಸಿಕ್ಕ ಭಾಗ್ಯ, ವಾಕ್ಯದ ಪೂರ್ತಿ ಭಾರ ತುದಿಯಲ್ಲಿ ಇಳಿಯುತ್ತದೆ. ನಿಮ್ಮ ವಾಕ್ಯದಲ್ಲಿ ಅದು ಬರೆದ ಅಜ್ಜಿಯನ್ನು ಬಿಟ್ಟು ಸ್ಮರಿಸುವ ನಿಮ್ಮ ಮೇಲೆ ಇಳಿದಿದೆ. 'ಎಂದು ಹೇಳುತ್ತಾ ನನ್ನೆರಡು ಮಾತುಗಳನ್ನು ಮುಗಿಸುತ್ತೇನೆ' ಎಂಬ ವೇದಿಕೆಯ ರೂಢಿಯಿಂದ ಆಗುವ ನಷ್ಟವೂ ಇದೇ. 'ಬರೆದರು' ಎಂಬಲ್ಲಿ ಪೂರ್ಣವಿರಾಮ ಇಡಿ.

ತಿದ್ದಿದ ಪ್ರತಿಗಾಗಿ ನಿಜವಾಗಿಯೂ ಕಾಯುತ್ತಿದ್ದೇನೆ. ಕಳುಹಿಸುವ ಮೊದಲು ಎದ್ದು ನಿಂತು ಕೊನೆಯ ಪ್ಯಾರಾವನ್ನು ಹಾಳೆ ನೋಡದೆ ಹೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಇನ್ನೂ ಕತ್ತರಿಸುವುದಿದೆ.

ವಿಶ್ವಾಸದಿಂದ,
ಸಂಪಾದಕ