ಹತ್ತು ದಿನ ತಡವಾದರೆ ದೂರು ಸುಳ್ಳಾ?

ಚಿಂತಾಮಣಿ ಕಡೆಯ ನಿಮ್ಮೂರಲ್ಲಿ ಒಬ್ಬ ಹೆಣ್ಣುಮಗಳು ಕೊಟ್ಟ ಅತ್ಯಾಚಾರದ ದೂರಿನ ಬಗ್ಗೆ "ಹತ್ತು ದಿನ ಬಿಟ್ಟು ದೂರು ಕೊಟ್ಟಿದ್ದಾಳೆ, ಮೈಮೇಲೆ ಗಾಯವೂ ಇಲ್ಲ, ಸುಳ್ಳೇ ಇರಬೇಕು" ಅಂತಿದ್ದಾರೆ, ಇದು ಸರಿಯಾ ಅಂತ ಕೇಳಿದ್ದೀರಿ. ಸರಿಯಲ್ಲ. ತಡಕ್ಕೆ ಅರ್ಧ ಕಾರಣ ಹೀಗೆ ಮಾತಾಡೋ ಅರಳಿಕಟ್ಟೆಯೇ: ಮನೆ ಮರ್ಯಾದೆ, ತಂಗಿ ಮದುವೆ, ಆರೋಪಿ ನೆಂಟನೇ ಆಗಿರೋದು. ತಡವಾಯಿತು ಅನ್ನೋದೊಂದರಿಂದಲೇ ದೂರನ್ನು ಅನುಮಾನಿಸಬಾರದು ಅಂತ ಸುಪ್ರೀಂ ಕೋರ್ಟ್ 1996ರ ಗುರ್ಮಿತ್ ಸಿಂಗ್ ಪ್ರಕರಣದಲ್ಲೇ ಹೇಳಿದೆ. ಆದರೆ ತಡ ಯಾಕಾಯಿತು ಅನ್ನೋದನ್ನ ದೂರಿನಲ್ಲೇ ಬರೆಸಬೇಕು. ಎಷ್ಟೋ ದೂರುಗಳಲ್ಲಿ ಇದೇ ಬಿಟ್ಟುಹೋಗುತ್ತೆ, ಎದುರು ವಕೀಲರು ಅದನ್ನೇ ಹಿಡ್ಕೋತಾರೆ.

ಗಾಯದ ಮಾತು ಇನ್ನೂ ಹಳಸಲು. ಭಯಕ್ಕೆ ಮೈ ಮರಗಟ್ಟಿ ಕೈ ಎತ್ತೋಕೂ ಆಗದೆ ಇರಬಹುದು. ಪ್ರತಿರೋಧಿಸಲಿಲ್ಲ ಅಂದಮಾತ್ರಕ್ಕೆ ಅದು ಒಪ್ಪಿಗೆಯಲ್ಲ ಅಂತ ಐಪಿಸಿ ಬದಲಿಗೆ ಬಂದಿರೋ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮೇ ಹೇಳುತ್ತೆ.

ಅವತ್ತಿನ ಬಟ್ಟೆ ಒಗೆಯದೆ ಉಳಿದಿದ್ದರೆ ಪೇಪರ್ ಕವರ್‌ನಲ್ಲಿಟ್ಟು ಪೊಲೀಸರಿಗೆ ಕೊಡಲಿ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಬೂಷ್ಟು ಹಿಡಿದರೆ ಸಾಕ್ಷ್ಯ ಹಾಳು. ಘಟನೆ ಬೆಂಗಳೂರಲ್ಲೇ ಆಗಿದ್ದರೂ ಚಿಂತಾಮಣಿ ಠಾಣೆಯವರು ಝೀರೋ ಎಫ್‌ಐಆರ್ (ಘಟನೆ ಬೇರೆ ಠಾಣೆ ವ್ಯಾಪ್ತಿಯದ್ದಾದರೂ ದಾಖಲಿಸಿಕೊಳ್ಳೋ ದೂರು) ಹಾಕಲೇಬೇಕು. ಹೇಳಿಕೆ ಬರ್ಕೊಳ್ಳೋದು ಮಹಿಳಾ ಅಧಿಕಾರಿಯೇ.

ಅಂದಹಾಗೆ, ಊರಿನ ವಾಟ್ಸಾಪ್ ಗ್ರೂಪಲ್ಲಿ ಆಕೆಯ ಹೆಸರು, ಫೋಟೊ ಓಡಾಡ್ತಿದ್ದರೆ ಈಗಲೇ ಅಳಿಸಿಸಿ. ಹಾಗೆ ಗುರುತು ಬಯಲು ಮಾಡಿದವರಿಗೆ ಅದೇ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು.