ಗ್ರೇಡ್ ಒಪ್ಪಿಸಿ ವಿಮಾನ ಹತ್ತಿ

ನಮಸ್ಕಾರ. ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜಿಗೆ (ಮುಖ್ಯವಾಗಿ ಎರಡು ವರ್ಷದ ಪದವಿ ಕೊಡುವ ಸಾರ್ವಜನಿಕ ಕಾಲೇಜು) ಆಗಸ್ಟ್‌ನಲ್ಲಿ ಅರೆಕಾಲಿಕ ಗಣಿತ ಉಪನ್ಯಾಸಕಿಯಾಗಿ ಸೇರಿದ್ದೀರಿ. ಈಗ ಬೋಧಕರಿಗೂ ಸಿಬ್ಬಂದಿಗೂ ಸೆಮಿಸ್ಟರ್ ಅಂತ್ಯದ ಸುದ್ದಿಪತ್ರ ಬಂದಿದೆ. ಅದರಲ್ಲಿ ನಿಮಗೆ ಬೇಕಾದದ್ದು ಯಾವುದು, ಜನವರಿಯಲ್ಲಿ ಕೆಲಸ ಉಳಿಯುತ್ತದೆಯೇ, ಪರೀಕ್ಷೆ ಮುಗಿದ ಮರುದಿನವೇ ಬೆಂಗಳೂರಿಗೆ ಹೊರಡಬಹುದೇ ಎಂದು ಕೇಳಿದ್ದೀರಿ. ನಾನು ಇಂಥದೇ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೇನೆ.

ಪತ್ರದಲ್ಲಿ ವಾಹನ ನಿಲುಗಡೆ, ಗ್ರಂಥಾಲಯದ ರಜೆ, ಸಿಬ್ಬಂದಿ ಕೊಠಡಿಯ ಫ್ರಿಜ್ ಖಾಲಿ ಮಾಡುವುದು, ಎಲ್ಲವೂ ಒಂದೇ ದನಿಯಲ್ಲಿರುತ್ತವೆ. ಗ್ರೇಡ್ ಸಲ್ಲಿಸುವ ಕೊನೆಯ ದಿನವೂ ಅವುಗಳ ನಡುವೆ ಒಂದು ಸಾಲಾಗಿ ಕುಳಿತಿರುತ್ತದೆ. ಅದನ್ನು ಸಾಮಾನ್ಯ ಸಾಲು ಎಂದುಕೊಳ್ಳಬೇಡಿ. ನಮ್ಮ ಊರಿನಲ್ಲಿ ಉತ್ತರಪತ್ರಿಕೆ ವಿಶ್ವವಿದ್ಯಾಲಯದ ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತದೆ, ಫಲಿತಾಂಶ ಅಲ್ಲಿಂದ ಬರುತ್ತದೆ, ಪಾಠ ಮಾಡಿದವರ ಕೈಯಲ್ಲಿ ಆಂತರಿಕ ಅಂಕಗಳಷ್ಟೇ. ಇಲ್ಲಿ ಪ್ರಶ್ನೆ ನಿಮ್ಮದು, ತಿದ್ದುವುದು ನೀವು, ಗ್ರೇಡ್ ನಿಮ್ಮದು. ತಪ್ಪು, ವಂಚನೆ, ದುರುದ್ದೇಶ ಅಥವಾ ಅಸಮರ್ಥತೆ ಕಂಡುಬಂದರೆ ಹೊರತು ಬೋಧಕರು ಕೊಟ್ಟ ಗ್ರೇಡೇ ಅಂತಿಮ ಎಂದು ಈ ರಾಜ್ಯದ ಶಿಕ್ಷಣ ಕಾನೂನು ಹೇಳುತ್ತದೆ. ನಿಮ್ಮ ಕೈ ತಡೆದರೆ ಯಾರದೋ ಬದುಕು ತಡೆಯುತ್ತದೆ.

ನನ್ನ ಎರಡನೇ ವರ್ಷದಲ್ಲಿ ಹಾಗೆಯೇ ಆಯಿತು. ಮೈಸೂರಿಗೆ ಹೋಗಿ ತಿದ್ದಿದರಾಯಿತು ಎಂದು ಉತ್ತರಪತ್ರಿಕೆಗಳ ಕಟ್ಟನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಹೊರಟೆ. ಮನೆಯಲ್ಲಿ ನೆಂಟರು, ಮದುವೆ. ಗಡುವು ಮೀರಿತು. ರಾತ್ರಿಯೆಲ್ಲ ವೃದ್ಧಾಶ್ರಮದಲ್ಲಿ ದುಡಿದು ಅದೇ ನೀಲಿ ಸಮವಸ್ತ್ರದಲ್ಲಿ ಬೆಳಗಿನ ತರಗತಿಗೆ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬರು ಮೂರು ಸಂದೇಶ ಕಳುಹಿಸಿದ್ದರು. ಮೂರನೆಯದರಲ್ಲಿ ಮಾತೇ ಇರಲಿಲ್ಲ, ಗ್ರೇಡ್ ಇರಬೇಕಾದ ಜಾಗ ಖಾಲಿ ಇದ್ದ ಅಂಕಪಟ್ಟಿಯ ಚಿತ್ರ ಮಾತ್ರ. ನರ್ಸಿಂಗ್ ಪದವಿಯ ಅರ್ಜಿಗೆ ಅವರಿಗೆ ಆ ಒಂದು ಗ್ರೇಡ್ ಬೇಕಿತ್ತು. ನಾನು ಸಲ್ಲಿಸುವಷ್ಟರಲ್ಲಿ ಅರ್ಜಿಯ ಬಾಗಿಲು ಮುಚ್ಚಿತ್ತು. ಅವರು ಮುಂದಿನ ಸುತ್ತಿಗೆ ಕಾದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಚಿತ್ರ ಇಂದಿಗೂ ನನ್ನ ಮೊಬೈಲಿನಲ್ಲಿದೆ.

ಸೆಮಿಸ್ಟರ್ ಕೊನೆಯಲ್ಲಿ ಯಾರಿಗಾದರೂ ಅನಿರೀಕ್ಷಿತ ಸಂಕಟ ಬಂದು ಕೆಲಸ ಅರ್ಧಕ್ಕೆ ನಿಂತಿದ್ದರೆ ‘ಅಪೂರ್ಣ’ ಎಂದು ನಮೂದಿಸಬಹುದು. ಮುಗಿಸಲು ಹೆಚ್ಚೆಂದರೆ ಒಂದು ವರ್ಷ ಸಿಗುತ್ತದೆ. ಇನ್ನೊಂದು ಮಾತು: ನಮ್ಮಲ್ಲಿ ಫಲಿತಾಂಶವನ್ನು ರಿಜಿಸ್ಟರ್ ನಂಬರ್ ಸಮೇತ ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದರಲ್ಲ, ಇಲ್ಲಿ ಅದು ಸಲ್ಲದು. ವಿದ್ಯಾರ್ಥಿಗಳ ದಾಖಲೆ ಗುಟ್ಟಾಗಿರಬೇಕೆಂದು 1974ರ ಕೇಂದ್ರ ಕಾನೂನು ಹೇಳುತ್ತದೆ. ತಾಯಿಯೇ ಫೋನ್ ಮಾಡಿ ಕೇಳಿದರೂ ನೀವಾಗಿ ಹೇಳದೆ ಕಚೇರಿಗೆ ಕಳುಹಿಸಿ.

ಇನ್ನು ಜನವರಿಯ ವಿಷಯ. ಕೆಲಸ ಉಳಿಯುವ ಖಾತ್ರಿ ಇಲ್ಲ. ನಮ್ಮ ಅತಿಥಿ ಉಪನ್ಯಾಸಕರ ಪಾಡನ್ನು ಬಲ್ಲವರಿಗೆ ಇದು ಹೊಸದಲ್ಲ. ಅರೆಕಾಲಿಕರಿಗೆ ಒಂದು ಕಾಲೇಜು ಜಿಲ್ಲೆಯಲ್ಲಿ, ಅಂದರೆ ಒಂದೇ ಆಡಳಿತ ಮಂಡಳಿಯಡಿಯ ಕಾಲೇಜು ಅಥವಾ ಕಾಲೇಜುಗಳಲ್ಲಿ, ಪೂರ್ಣಾವಧಿ ಬೋಧಕರ ಹೊರೆಯ ಶೇ. 67ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅದಕ್ಕೇ ಅನೇಕರು ಎರಡು ಮೂರು ಕಾಲೇಜುಗಳ ನಡುವೆ ಕಾರು ಓಡಿಸುತ್ತಾರೆ. ದಾಖಲಾತಿ ಕಡಿಮೆಯಾದರೆ ತರಗತಿಯೇ ರದ್ದು. ಇದು ಅನ್ಯಾಯ, ನಾನು ಒಪ್ಪಿಕೊಂಡಿಲ್ಲ. ಬೋಧಕರ ಸಂಘಕ್ಕೆ ಸೇರಿ, ಡೀನ್ ಅವರಿಗೆ ಈಗಲೇ ಬರೆದು ಕೇಳಿ. ಕೆಲಸದ ಖಚಿತ ಭರವಸೆ ಇಲ್ಲದ ಅರೆಕಾಲಿಕರು ಸೆಮಿಸ್ಟರ್‌ಗಳ ನಡುವೆ ನಿರುದ್ಯೋಗ ಭತ್ಯೆ ಪಡೆಯಬಹುದೆಂದು 1989ರಲ್ಲೇ ಇಲ್ಲಿನ ನ್ಯಾಯಾಲಯ ಹೇಳಿದೆ. ಆದರೆ ನಿಮ್ಮ ವೀಸಾದ ಮಟ್ಟಿಗೆ ಮೊದಲು ವಕೀಲರನ್ನು ಕೇಳಿ.

ಪತ್ರದ ತಳದಲ್ಲಿ ರಜೆಯ ದಿನಗಳಲ್ಲಿ, ವಿದ್ಯಾರ್ಥಿಗಳಿಗೆ ಉಚಿತವಾಗಿ ದಿನಸಿ ಕೊಡುವ ಕಾಲೇಜಿನ ಆಹಾರ ಭಂಡಾರ ತೆರೆದಿರುವ ಸಮಯ ಕೊಟ್ಟಿರುತ್ತಾರೆ. ಅದನ್ನು ಕೊನೆಯ ತರಗತಿಯಲ್ಲಿ ಎಲ್ಲರಿಗೂ ಓದಿ ಹೇಳಿ, ಬೋರ್ಡಿನ ಮೇಲೆ ಬರೆದೂ ಬಿಡಿ. ಅಕ್ಕಿ, ಬೀನ್ಸ್ ಡಬ್ಬಿಗಳಿಗಾಗಿ ಅಲ್ಲಿ ಸಾಲು ನಿಲ್ಲುವವರಲ್ಲಿ ನಿಮ್ಮ ಮುಂದಿನ ಬೆಂಚಿನವರೂ ಇರುತ್ತಾರೆ. ಕೇಳಲು ನಾಚುತ್ತಾರೆ.

ಸಾಧ್ಯವಾದರೆ ಟಿಕೆಟನ್ನು ಮೂರು ದಿನ ಮುಂದೂಡಿ. ಆಗದಿದ್ದರೆ ಇಲ್ಲೇ ಎರಡು ರಾತ್ರಿ ಕೂತು ತಿದ್ದಿ ಮುಗಿಸಿ. ಒಬ್ಬರೇ ತಿದ್ದಲು ಬೇಸರವೆನಿಸಿದರೆ ನಮ್ಮ ಮನೆಗೆ ಬನ್ನಿ. ಊಟದ ಮೇಜು ದೊಡ್ಡದಿದೆ, ಆ ವಾರ ನನ್ನದೂ ಅದೇ ಕೆಲಸ.